ಅಂಗಡಿಗೆ ಬಂದ ಯಂತ್ರವೂ ಗುಮಾಸ್ತನ ಬಾಳುವೆಯೂ

ಆಳಂದ, ಅಫಜಲಪುರ, ಜೇವರ್ಗಿಗಳು ತೊಗರಿಯ ಕಣಜವೆನಿಸಿದ ಕಲಬುರಗಿ ಜಿಲ್ಲೆಯ ತಾಲೂಕುಗಳು. ಈ ಸೀಮೆಯ ತೊಗರಿಬೇಳೆಗೆ ೨೦೧೯ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ತೊಗರಿ ಬೆಳೆಯುವ ರೈತನ ಕಷ್ಟಸುಖಗಳನ್ನು ಕುರಿತು ಮಾತನಾಡುವವರು ಅನೇಕರುಂಟು. ಬೇಳೆಯನ್ನು ತೂಗಿ ಕಟ್ಟಿಕೊಡುವ ಅಂಗಡಿಯ ಆಳಿನ ಗತಿಯನ್ನು ಚಿಂತಿಸುವವರು ವಿರಳ.

ಹಿಂದಿನ ಕಿರಾಣಿ ಅಂಗಡಿಯು ಬಡಹುಡುಗರಿಗೆ ಒಂದು ಪಾಠಶಾಲೆಯೂ ಆಗಿದ್ದಿತು. ಹುಡುಗನು ಮೊದಲು ಕಸ ಗುಡಿಸಿ ಚೀಲ ಹೊರುವನು. ಬಳಿಕ ತಕ್ಕಡಿ ಹಿಡಿಯುವನು. ಬಾಯಿಲೆಕ್ಕವು ಕುದುರಿದ ಮೇಲೆ ಉದ್ರಿ ಬರೆಯುವನು. ಕೀರ್ದಿ ಖತಾವಣಿಗಳು ಕರಗತವಾದರೆ ಗುಮಾಸ್ತನಾಗುವನು. ದೈವವು ಒಲಿದರೆ ತಾನೇ ಒಂದು ಅಂಗಡಿಯನ್ನಿಡುವನು.

ಈಗಲಾದರೋ ತೂಕದ ಯಂತ್ರವೇ ಬೆಲೆಯನ್ನು ಗುಣಿಸಿ ತೋರಿಸುತ್ತದೆ. ಬಿಲ್ಲಿನ ಯಂತ್ರವು ಮೊತ್ತವನ್ನು ಅಚ್ಚುಹಾಕಿ ಕೊಡುತ್ತದೆ. ೨೦೧೬ರಲ್ಲಿ ಮೊದಲಾದ ಯು.ಪಿ.ಐ. ಪದ್ಧತಿಯಿಂದ ಹಣವು ಗಲ್ಲಾಪೆಟ್ಟಿಗೆಯನ್ನು ಮುಟ್ಟದೆಯೇ ಯಜಮಾನನ ಬ್ಯಾಂಕಿನ ಖಾತೆಯನ್ನು ಸೇರುತ್ತದೆ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆರಳನ್ನೊತ್ತಿದರೆ ಯಂತ್ರವೇ ಚೀಟಿದಾರನನ್ನು ಗುರುತಿಸುತ್ತದೆ. ಗ್ರಾಹಕನಿಗೆ ಇದರಿಂದ ಅನುಕೂಲವಾಗಿದೆ, ಲೆಕ್ಕದ ಜಗಳಗಳು ಕಡಮೆಯಾಗಿವೆ ಎಂಬುದು ನಿಜ.

ಅಂಗಡಿಯ ಕೆಲಸವು ಹೀಗೆ ಕೈ ಬದಲಾಯಿಸುವುದು ಹೊಸದಲ್ಲ. ಅಮೆರಿಕದ ಮೆಂಫಿಸ್ ನಗರದಲ್ಲಿ ೧೯೧೬ರಲ್ಲಿ ತೆರೆದ ಪಿಗ್ಲಿ ವಿಗ್ಲಿ ಎಂಬ ಅಂಗಡಿಯಲ್ಲಿ ಗಿರಾಕಿಯು ಸಾಮಾನುಗಳನ್ನು ತಾನೇ ಎತ್ತಿಕೊಳ್ಳತೊಡಗಿದನು. ಆಳಿನ ಕೆಲಸವು ಕೂಲಿಯಿಲ್ಲದೆ ಗಿರಾಕಿಯ ಪಾಲಿಗೆ ಬಂದಿತು. ೧೯೭೪ರಲ್ಲಿ ಓಹಾಯೋ ಪ್ರಾಂತದ ಟ್ರಾಯ್ ಊರಿನ ಅಂಗಡಿಯೊಂದರಲ್ಲಿ ಬಾರ್‌ಕೋಡಿನ ಗೆರೆಗಳನ್ನು ಯಂತ್ರವು ಮೊದಲ ಬಾರಿಗೆ ಓದಿ ಬೆಲೆ ಹೇಳಿತು. ೨೦೧೮ರಲ್ಲಿ ಅಮೆಜಾನ್ ಸಂಸ್ಥೆಯವರು ಸಿಯಾಟಲ್ ನಗರದಲ್ಲಿ, ಹಣ ಪಡೆಯುವ ಗುಮಾಸ್ತನೇ ಇಲ್ಲದ ಅಂಗಡಿಯನ್ನು ಜನರಿಗೆ ತೆರೆದರು. ಆದರೆ ೨೦೨೪ರಲ್ಲಿ ಆ ದೇಶದ ತಮ್ಮ ದೊಡ್ಡ ದಿನಸಿ ಅಂಗಡಿಗಳಿಂದ ಆ ಏರ್ಪಾಡನ್ನು ತೆಗೆಯುವುದಾಗಿ ಸಾರಿದರು. ಮನುಷ್ಯನನ್ನು ಅಂಗಡಿಯಿಂದ ಪೂರ್ತಿಯಾಗಿ ಹೊರಡಿಸುವುದು ಸುಲಭಸಾಧ್ಯವಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

ಹಾಗಾದರೆ ನಮ್ಮ ತಾಲೂಕುಗಳಲ್ಲಿ ಭಯಕ್ಕೆ ಕಾರಣವೇನು? ಚೀಲ ಇಳಿಸುವುದಕ್ಕೂ ಪೊಟ್ಟಣ ಕಟ್ಟುವುದಕ್ಕೂ ಆಳು ಬೇಕೇ ಬೇಕು. ಆದರೆ ಚೀಲಕ್ಕೂ ಗಲ್ಲಾಪೆಟ್ಟಿಗೆಗೂ ನಡುವೆ ಇದ್ದ ಸೋಪಾನಗಳು ಒಂದೊಂದಾಗಿ ಕಳಚುತ್ತಿವೆ. ಲೆಕ್ಕವನ್ನು ಕಲಿಯುವ ಪ್ರಸಂಗವೇ ಬಾರದಿದ್ದರೆ, ಹದಿನೆಂಟರಲ್ಲಿ ಚೀಲ ಹೊತ್ತವನು ನಲವತ್ತೈದರಲ್ಲಿಯೂ ಚೀಲವನ್ನೇ ಹೊರಬೇಕಾದೀತು. ತೋಳಿನ ಬಲ ಕುಂದಿದ ದಿನ ಕೂಲಿಯೂ ಕುಂದೀತು. ದುಡಿಮೆಗಾಗಿ ಸೋಲಾಪುರ, ಪುಣೆ, ಹೈದರಾಬಾದುಗಳಿಗೆ ಹೋಗುವ ನಮ್ಮ ತರುಣರಿಗೂ ಈ ಮಾತು ಸಲ್ಲುತ್ತದೆ.

ಆದುದರಿಂದ ಅಂಗಡಿಯ ಯಜಮಾನರು ಯಂತ್ರವನ್ನು ತಾವೊಬ್ಬರೇ ಹಿಡಿದು ಕೂಡದೆ ಹುಡುಗನ ಕೈಗೂ ಕೊಡಬೇಕು. ದಾಸ್ತಾನಿನ ಎಣಿಕೆ, ಸರಕು ತರಿಸುವ ಕ್ರಮ, ಲಾಭನಷ್ಟಗಳ ತಾಳೆ, ಇವನ್ನು ಅವನಿಗೆ ತಿಳಿಸಬೇಕು. ಗೃಹಸ್ಥರಾದ ನಾವೂ, ಯಂತ್ರವು ಇದೆಯಷ್ಟೆ ಎಂದು ಮಕ್ಕಳ ಮಗ್ಗಿಯನ್ನು ಬಿಡಿಸಬಾರದು. ಲೆಕ್ಕವನ್ನು ಯಂತ್ರವು ಮಾಡಲಿ. ಅದು ಸರಿಯೋ ತಪ್ಪೋ ಎಂದು ಹೇಳಬಲ್ಲವನು ನಮ್ಮ ಮಗನಾಗಿರಲಿ.