ಏಟಿನ ಲೆಕ್ಕ

ನನ್ನ ಮೊಮ್ಮಗನೂ ಅವನ ಗೆಳೆಯರೂ ರಜೆಯಲ್ಲಿ ನಮ್ಮ ಪಡಸಾಲೆಯಲ್ಲಿ ದಾಳಗಳನ್ನು ಹರಡಿಕೊಂಡು ಒಂದು ಕಥೆಯನ್ನು ಆಡುತ್ತಾರೆ. ಒಬ್ಬನು ಕಥೆಗಾರ, ಉಳಿದವರು ಅದರೊಳಗಿನ ಯೋಧರು, ಮಾಂತ್ರಿಕರು. ಪ್ರತಿಯೊಬ್ಬನ ಹಾಳೆಯ ಮೇಲೂ ‘ಹಿಟ್ ಪಾಯಿಂಟ್’ ಎಂಬುದೊಂದು ಸಂಖ್ಯೆಯುಂಟು. ಶತ್ರುವಿನ ಏಟು ತಾಗಿದಾಗಲೆಲ್ಲ ದಾಳ ಹೇಳಿದಷ್ಟನ್ನು ಅದರಿಂದ ಕಳೆಯಬೇಕು. ಸೊನ್ನೆಗಿಳಿದರೆ ಯೋಧ ನೆಲಕ್ಕೊರಗಿದಂತೆ. “ಇದಕ್ಕೆ ಕನ್ನಡದಲ್ಲಿ ಏನನ್ನಬೇಕು ತಾತ?” ಎಂದು ಹುಡುಗ ಕೇಳಿದ. ‘ಪ್ರಾಣಾಂಕ’ ಎಂದುಬಿಟ್ಟೆ. ಅದು ಅವಸರದ ಉತ್ತರವೆಂದು ಆಮೇಲೆ ತಿಳಿಯಿತು.

ಇಂಥ ಆಟಗಳಲ್ಲಿ ಮೊದಲು ಅಚ್ಚಾಗಿ ಹೊರಬಂದದ್ದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದನ್ನು ರಚಿಸಿದರು. ಅದಕ್ಕೂ ಹಿಂದೆ, 1971ರ ‘ಚೈನ್‌ಮೇಲ್’ ಎಂಬ ಕದನದಾಟದಲ್ಲಿ ಸಾಮಾನ್ಯ ಸೈನಿಕ ಒಂದೇ ಏಟಿಗೆ ಸಾಯುತ್ತಿದ್ದ. ಸೈನ್ಯವನ್ನೇ ನಡೆಸುವವನಿಗೆ ಒಬ್ಬ ಸೈನಿಕ ಹೋದರೇನು? ಆದರೆ ಒಬ್ಬನೇ ಯೋಧನಿಗೆ ಹೆಸರಿಟ್ಟು, ವಾರವಾರವೂ ಅವನಾಗಿ ಮಾತಾಡಿದವನಿಗೆ ಆ ಸಾವು ಸಹನೀಯವಲ್ಲ. ಹಡಗುಗಳ ಕಾಳಗದ ಆಟದಲ್ಲಿ, ಇಷ್ಟು ಪೆಟ್ಟು ತಿಂದ ಮೇಲೆ ಹಡಗು ಮುಳುಗಬೇಕೆಂಬ ಲೆಕ್ಕವಿತ್ತು. ಅದನ್ನೇ ಮನುಷ್ಯನಿಗೂ ತಂದೆನೆಂದು ಆರ್ನೆಸನ್ ಹೇಳಿಕೊಂಡಿದ್ದರು.

ತೊಡಕು ಹುಟ್ಟಿದ್ದು ಅಲ್ಲಿಯೇ. ಹಡಗಿನ ಒಡಲು ದೊಡ್ಡದು, ಮನುಷ್ಯನದು? ಹೊಸ ಯೋಧನಿಗೆ ಐದಾರು ಅಂಕವಿದ್ದರೆ, ಹತ್ತನೆಯ ಮಟ್ಟಕ್ಕೇರಿದ ಗಟ್ಟಿಗನಿಗೆ 95 ಇರಬಹುದು. ಅನುಭವ ಬೆಳೆದಂತೆ ಕೊರಳೂ ಕಲ್ಲಾಗುವುದೇ? ಗೈಗ್ಯಾಕ್ಸ್ 1979ರ ಕೈಪಿಡಿಯಲ್ಲಿ ಇದಕ್ಕೆ ಉತ್ತರ ಕೊಟ್ಟರು: ಈ ಅಂಕಗಳಲ್ಲಿ ರಕ್ತಮಾಂಸದ ಪಾಲು ಕಡಿಮೆ, ಹೆಚ್ಚಿನದು ಕದನ ಕೌಶಲ, ಅದೃಷ್ಟ, ದೈವದ ರಕ್ಷೆ. ಎಂಟು ಅಂಕ ಕಳೆಯಿತೆಂದರೆ ಕೊರಳಿಗೆ ಬಂದ ಕತ್ತಿ ಹೆಗಲನ್ನು ಸವರಿ ಹೋಯಿತು, ತಪ್ಪಿಸಿಕೊಳ್ಳುವ ಶಕ್ತಿ ಅಷ್ಟು ವೆಚ್ಚವಾಯಿತು ಎಂದರ್ಥ. ನಿಜವಾಗಿ ನಾಟುವುದು ಕೊನೆಯ ಏಟು.

ಇದನ್ನು ತಿಳಿದಾಗ ನನಗೆ ಕರ್ಣ ನೆನಪಾದ. ಕವಚ ದಾನವಾಗಿ ಹೋಯಿತು, ಇಂದ್ರನಿತ್ತ ಶಕ್ತಿ ಘಟೋತ್ಕಚನ ಮೇಲೆ ವೆಚ್ಚವಾಯಿತು, ಮಂತ್ರ ಮರೆಯಿತು, ಗಾಲಿ ಹೂತಿತು. ಬಾಣ ಆಮೇಲೆ.

ಆದರೂ ವಾದ ಪೂರ್ತಿ ಹೊಂದುವುದಿಲ್ಲ. ಕಳೆದದ್ದು ಅದೃಷ್ಟವಾದರೆ, ಅದನ್ನು ಮರಳಿಸುವ ಮಂತ್ರಕ್ಕೆ ಗಾಯ ಮಾಯಿಸುವ ಮಂತ್ರವೆಂಬ ಹೆಸರೇಕೆ? ಹಾವಿನ ವಿಷ ಏರಬೇಕಾದರೆ ಹಲ್ಲು ಚರ್ಮವನ್ನು ಸೀಳಿರಲೇಬೇಕಲ್ಲ! ಇನ್ನೂ ವಿಚಿತ್ರವೆಂದರೆ, ಒಂದೇ ಅಂಕ ಉಳಿದ ಯೋಧನೂ ಮೊದಲಿನ ಬಲದಿಂದಲೇ ಕತ್ತಿ ಬೀಸುತ್ತಾನೆ. 1978ರ ‘ರೂನ್‌ಕ್ವೆಸ್ಟ್’ ಎಂಬ ಆಟ ಇದನ್ನೊಪ್ಪದೆ ತಲೆಗೆ, ತೋಳಿಗೆ, ಕಾಲಿಗೆ ಬೇರೆಬೇರೆ ಅಂಕಗಳನ್ನಿತ್ತಿತು. ಅಲ್ಲಿ ಕಾಲಿಗೆ ಬಿದ್ದ ಏಟು ಕಾಲನ್ನೇ ಕೆಡಿಸುತ್ತದೆ. ನಿಷ್ಠುರವಾದರೂ ನ್ಯಾಯವಾದ ಲೆಕ್ಕ. ನನ್ನ ಒಲವು ಅತ್ತಲೇ. ಹುಡುಗರ ಒಲವು ಅತ್ತಲಿಲ್ಲ. ಅವರು ಆಡುವುದು ‘ಡಂಜನ್ಸ್’ ಆಟದ 2014ರ ಆವೃತ್ತಿಯನ್ನು. ಅದರಲ್ಲಿ ಒಂದು ರಾತ್ರಿಯ ನಿದ್ದೆಗೆ ಕಳೆದ ಅಂಕಗಳೆಲ್ಲ ಮರಳುತ್ತವೆ. ಒಂದು ರಾತ್ರಿಯಲ್ಲಿ ಗಾಯ ಮಾಯದು, ದಣಿವು ಆರೀತು. ಆ ಪುಸ್ತಕವೂ ದೇಹಮನಸ್ಸುಗಳ ತಾಳಿಕೆ, ಬದುಕುವ ಛಲ, ಅದೃಷ್ಟ ಇವುಗಳ ಬೆರಕೆಯೆಂದೇ ಹೇಳುತ್ತದೆ.

ಆದುದರಿಂದ ‘ಪ್ರಾಣಾಂಕ’ವನ್ನು ಹೊಡೆದುಹಾಕಿ ‘ತಾಳಿಕೆ’ ಎಂದು ಬರೆದುಕೊಳ್ಳುವಂತೆ ಮೊಮ್ಮಗನಿಗೆ ಹೇಳಿದೆ. ಅವನು ಹಾಳೆಯಿಂದ ತಲೆಯೆತ್ತಲಿಲ್ಲ. ಅವನ ಯೋಧನಿಗೆ ಆಗ ಉಳಿದಿದ್ದುದು ಮೂರೇ ಅಂಕ. “ಇರಲಿ ತಾತ, ಈಗ ಇದು ಪ್ರಾಣವೇ” ಎಂದು ದಾಳವನ್ನು ಅಂಗೈಯಲ್ಲಿ ಕುಲುಕಿದ.