ಸುರುಳಿಯ ಭಯ: ಜಪಾನಿನ ಒಂದು ಚಿತ್ರಕಥೆ

ಭಯವು ಸಕಲ ಜೀವಿಗಳಿಗೂ ಸಹಜವಾದುದು. ಆದರೆ ಅದರಲ್ಲಿಯೂ ಎರಡು ಬಗೆಗಳುಂಟು: ಕಾರಣ ತಿಳಿದ ಭಯ ಒಂದು, ಕಾರಣವೇ ಕಾಣದ ಭಯ ಇನ್ನೊಂದು. ಜಪಾನಿನ ಹಳೆಯ ಪ್ರೇತಕಥೆಗಳು ಬಹುಮಟ್ಟಿಗೆ ಮೊದಲನೆಯ ಬಗೆಯವು. 1825ರಲ್ಲಿ ರಂಗವೇರಿದ 'ಯೋತ್ಸುಯಾ ಕೈದಾನ್' ನಾಟಕದಲ್ಲಿ ಪತಿಯ ದ್ರೋಹಕ್ಕೆ ಬಲಿಯಾದ ಓಯಿವಾ ಪ್ರೇತವಾಗಿ ಅವನನ್ನು ಕಾಡುತ್ತಾಳೆ. ಅಲ್ಲಿ ಅನ್ಯಾಯವುಂಟು, ಅದಕ್ಕೆ ತಕ್ಕ ಫಲವೂ ಉಂಟು. ಆದುದರಿಂದ ನೋಡುವವರು ಅಂಜಿದರೂ ನ್ಯಾಯವು ಉಳಿಯಿತೆಂಬ ಸಮಾಧಾನ ಹೊಂದುತ್ತಾರೆ.

ಎರಡನೆಯ ಬಗೆಯ ಭಯವನ್ನು ಪ್ರಬಲವಾಗಿ ನಿರೂಪಿಸಿದವನು ಅಮೆರಿಕದ ಕಥೆಗಾರ ಎಚ್. ಪಿ. ಲವ್‌ಕ್ರಾಫ್ಟ್ (1890–1937). ಅಪಾರವಾದ ಈ ವಿಶ್ವಕ್ಕೆ ಮನುಷ್ಯನ ಮೇಲೆ ಪ್ರೀತಿಯೂ ಇಲ್ಲ, ದ್ವೇಷವೂ ಇಲ್ಲ. ಅವನು ಅದರ ಗಣನೆಗೇ ಬಾರನು ಎಂಬುದು ಆತನ ಕಥೆಗಳ ತಿರುಳು. ಆತನ ಪ್ರಭಾವವನ್ನು ಒಪ್ಪಿಕೊಂಡಿರುವ ಜಪಾನಿನ ಚಿತ್ರಕಥೆಗಾರರು ಜುಂಜಿ ಇತೋ. 1963ರಲ್ಲಿ ಗಿಫು ಪ್ರಾಂತದಲ್ಲಿ ಜನಿಸಿದ ಇವರು ಮೊದಲು ದಂತ ತಂತ್ರಜ್ಞರಾಗಿದ್ದರು. 1998–99ರಲ್ಲಿ ವಯಸ್ಕರ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದ 'ಉಜುಮಾಕಿ' ಇವರ ಪ್ರಸಿದ್ಧ ಕೃತಿ. ಆ ಶಬ್ದಕ್ಕೆ ಸುರುಳಿ ಎಂದರ್ಥ.

ಕುರೋಜು ಎಂಬ ಕಲ್ಪಿತ ಊರಿನಲ್ಲಿ ಕಥೆ ನಡೆಯುತ್ತದೆ. ಅಲ್ಲಿ ಕಾಡುವುದು ಪ್ರೇತವಲ್ಲ, ರಾಕ್ಷಸನಲ್ಲ. ಬರಿಯ ಒಂದು ಆಕಾರ. ಗೃಹಸ್ಥನೊಬ್ಬನು ಬಸವನಹುಳುವಿನ ಚಿಪ್ಪಿನ ಸುರುಳಿಯನ್ನೇ ನೋಡುತ್ತ ಮೈಮರೆಯುತ್ತಾನೆ. ದುಡಿಮೆಯನ್ನು ಬಿಡುತ್ತಾನೆ, ಸುರುಳಿಯುಳ್ಳ ವಸ್ತುಗಳನ್ನೆಲ್ಲ ಮನೆಯಲ್ಲಿ ತುಂಬಿಸುತ್ತಾನೆ. ಹೆಂಡತಿ ಅವನ್ನು ಹೊರಗೆಸೆದಾಗ ತನ್ನ ದೇಹವನ್ನೇ ಸುರುಳಿಯಾಗಿಸಿಕೊಂಡು, ದುಂಡನೆಯ ಮರದ ತೊಟ್ಟಿಯೊಂದರಲ್ಲಿ ಮಡಿಯುತ್ತಾನೆ. ಅಂದಿನಿಂದ ಆ ಹೆಂಡತಿಗೆ ಸುರುಳಿಯೆಂದರೆ ಭೀತಿ. ಅವಳು ತಲೆಗೂದಲನ್ನು ಕತ್ತರಿಸಿಕೊಳ್ಳುತ್ತಾಳೆ, ಬೆರಳ ತುದಿಯ ಗೆರೆಗಳನ್ನೂ ಕೆತ್ತಿ ತೆಗೆಯುತ್ತಾಳೆ. ಆದರೆ ಪ್ರತಿಯೊಬ್ಬರ ಕಿವಿಯೊಳಗೂ ಶಂಖದಂತಹ ಸುರುಳಿಯೊಂದಿದೆಯಲ್ಲ! ಅದನ್ನು ತಾಯಿಯಿಂದ ಮರೆಮಾಚಲು ಮಗ ಶುಯಿಚಿ ಹೆಣಗುತ್ತಾನೆ. ತನ್ನೊಳಗೇ ಇರುವುದರಿಂದ ಓಡಿಹೋಗುವುದೆಲ್ಲಿಗೆ?

ಈ ಕೃತಿಯ ನಿಜವಾದ ಭೀಕರತೆ ಇಲ್ಲಿದೆ. ಪ್ರೇತವನ್ನಾದರೆ ಶಾಂತಗೊಳಿಸಬಹುದು, ವೈರಿಯನ್ನು ಬೇಡಿಕೊಳ್ಳಬಹುದು. ಆಕಾರಕ್ಕೆ ಕಿವಿಯೂ ಇಲ್ಲ, ಕರುಣೆಯೂ ಇಲ್ಲ. ಆ ಕುಟುಂಬವು ಯಾವ ಅಪರಾಧವನ್ನೂ ಮಾಡಿರಲಿಲ್ಲ.

ಹಾಗಾದರೆ ಮನುಷ್ಯನಿಗೆ ಉಳಿದುದೇನು? ಕೊನೆಯಲ್ಲಿ ನಾಯಕಿ ಕಿರಿಯೆಯು ನಡೆಯಲಾರದ ಶುಯಿಚಿಯನ್ನು ತೊರೆಯದೆ ಅವನ ಬಳಿಯಲ್ಲಿಯೇ ಉಳಿಯುತ್ತಾಳೆ. ಅದರಿಂದ ಊರು ಉಳಿಯುವುದಿಲ್ಲ, ಅವರೂ ಉಳಿಯುವುದಿಲ್ಲ. ಆದರೂ ಆ ಸುರುಳಿಗೆ ತಿಳಿಯದುದೊಂದನ್ನು ಅವರಿಬ್ಬರು ಅರಿತಿದ್ದರು.

ಎಳೆಯ ಮಕ್ಕಳ ಕೈಗೆ ಕೊಡುವ ಪುಸ್ತಕ ಇದಲ್ಲ. ಆದರೆ ಬೆಳೆದ ಮಕ್ಕಳು ಓದುತ್ತಿದ್ದರೆ ಹಿರಿಯರು ಬರಿಯ ಬೊಂಬೆಯ ಪುಸ್ತಕವೆಂದು ಹಳಿಯದೆ, ತಾವೂ ಓದಿ ಅವರೊಡನೆ ಮಾತನಾಡುವುದು ಲೇಸು. ಒಂಟಿಯಾಗಿ ಅನುಭವಿಸಿದ ಭಯವು ಬೆಳೆಯುತ್ತದೆ; ಹಂಚಿಕೊಂಡ ಭಯವು ವಿವೇಕಕ್ಕೆ ದಾರಿಯಾಗುತ್ತದೆ.