ಮನೆಯ ಹಿತ್ತಿಲಲ್ಲಿ ಮೋಟಾರು ಕಟ್ಟುವವರು

ಹಳೆಯ ಮನೆಯನ್ನು ಇಳಿಸಿ, ಅದರ ತೊಲೆ, ಕಂಬ, ಬಾಗಿಲುವಾಡಗಳನ್ನು ಹೊಸ ಮನೆಗೆ ಹಾಕಿಸಿಕೊಳ್ಳುವವರನ್ನು ತಾವು ನೋಡಿದ್ದೀರಿ. ಅದೇ ರೀತಿಯಲ್ಲಿ ಹಳೆಯ ಮೋಟಾರು ಕಾರೊಂದನ್ನು ಬಿಚ್ಚಿ, ಅದರ ಎಂಜಿನು, ಗೇರುಪೆಟ್ಟಿಗೆ, ಅಚ್ಚು, ಚಕ್ರಗಳನ್ನು ಹೊಸದೊಂದು ಚೌಕಟ್ಟಿಗೆ ಕೂರಿಸಿ, ಇಬ್ಬರು ಕೂರಬಹುದಾದ ಪುಟ್ಟ ಸ್ಪೋರ್ಟ್ಸ್ ಕಾರನ್ನು ತಮ್ಮ ಕೈಯಿಂದಲೇ ಕಟ್ಟಿಕೊಳ್ಳುವವರು ಇಂಗ್ಲೆಂಡಿನಲ್ಲಿ ಇದ್ದಾರೆಂದರೆ ತಮಗೆ ಆಶ್ಚರ್ಯವಾದೀತು. ಇವರಲ್ಲಿ ಹೆಚ್ಚಿನವರು ಕಾರ್ಖಾನೆಯವರಲ್ಲ; ಶನಿವಾರ ಭಾನುವಾರಗಳ ಬಿಡುವನ್ನು ಇದಕ್ಕೆ ಮೀಸಲಿಟ್ಟ ಸಾಮಾನ್ಯ ಗೃಹಸ್ಥರು.

ಇಂಥ ಗಾಡಿಗೆ ಅಲ್ಲಿ ಕಿಟ್ ಕಾರು ಎಂದು ಹೆಸರು. ಕಿಟ್ ಎಂದರೆ ಬಿಡಿಭಾಗಗಳ ಗಂಟು. ಭಾಗಗಳನ್ನು ಒದಗಿಸುವ ಹಳೆಯ ಗಾಡಿಯನ್ನು ‘ಡೋನರ್’, ಅಂದರೆ ದಾನಿ, ಎನ್ನುತ್ತಾರೆ. ವ್ಯಾಕರಣ ಓದಿದವನಿಗೆ ಈ ಮಾತು ಸ್ವಲ್ಪ ತೊಡಕೆನಿಸುತ್ತದೆ. ದಧೀಚಿ ಮಹರ್ಷಿ ತನ್ನ ಎಲುಬುಗಳನ್ನು ದೇವತೆಗಳಿಗೆ ಕೊಟ್ಟದ್ದು ಮನಸಾರೆ. ಇಲ್ಲಿ ಕಾರಿನ ಒಪ್ಪಿಗೆಯನ್ನು ಕೇಳುವವರು ಯಾರು? ಇರಲಿ, ಬಳಕೆಗೆ ಬಂದ ಮಾತು. ನಾವೂ ದಾನಿ ಎಂದೇ ಕರೆಯೋಣ.

ಈ ಹವ್ಯಾಸಕ್ಕೆ ದಾರಿ ತೋರಿಸಿದವರಲ್ಲಿ ಪ್ರಮುಖನು ಕಾಲಿನ್ ಚಾಪ್‌ಮನ್. ಲಂಡನ್ನಿನಲ್ಲಿ ಎಂಜಿನಿಯರಿಂಗ್ ಓದಿದ ಈ ತರುಣನು, ಮುಂದೆ ತಾನು ಮದುವೆಯಾದ ಹುಡುಗಿಯ ತಂದೆತಾಯಿಗಳ ಮನೆಯ ಹಿಂದಿದ್ದ ಗ್ಯಾರೇಜಿನಲ್ಲಿ, ಹಳೆಯ ಆಸ್ಟಿನ್ ಸೆವೆನ್ ಕಾರೊಂದನ್ನು ಬಿಚ್ಚಿ 1948ರಲ್ಲಿ ತನ್ನ ಮೊದಲ ಗಾಡಿಯನ್ನು ಕಟ್ಟಿದನು. ಅವನ ಲೋಟಸ್ ಸಂಸ್ಥೆ ಹುಟ್ಟಿಕೊಂಡದ್ದು ಹೀಗೆ. 1957ರಲ್ಲಿ ಆ ಸಂಸ್ಥೆ ಲೋಟಸ್ ಸೆವೆನ್ ಎಂಬ ಹಗುರವಾದ ಗಾಡಿಯನ್ನು ಹೊರತಂದಿತು. ಪೂರ್ಣವಾಗಿ ಜೋಡಿಸಿದ ಗಾಡಿಗೆ ಮಾರಾಟ ತೆರಿಗೆ ಸೇರಿ 1,036 ಪೌಂಡು. ಬಿಡಿಭಾಗಗಳ ಗಂಟಾಗಿ ಕೊಂಡರೆ 536 ಪೌಂಡು ಮಾತ್ರ. ಏಕೆಂದರೆ ಸರಕಾರದ ತೆರಿಗೆ ಪೂರ್ಣ ಕಾರಿನ ಮೇಲಿತ್ತೇ ಹೊರತು ಹೀಗೆ ಬಿಡಿಬಿಡಿಯಾಗಿ ಮಾರಿದ ಕಾರಿನ ಮೇಲಿರಲಿಲ್ಲ.

ಇಲ್ಲೊಂದು ಸ್ವಾರಸ್ಯವಿದೆ. ತೆರಿಗೆ ತಪ್ಪಬೇಕಾದರೆ ಗಂಟಿನ ಜೊತೆ ಜೋಡಿಸುವ ಕ್ರಮವನ್ನು ಬರೆದುಕೊಡಕೂಡದೆಂದು ನಿಯಮವಿತ್ತಂತೆ. ಬಿಚ್ಚುವ ಕ್ರಮವನ್ನು ಕೊಡಬಾರದೆಂದು ಮಾತ್ರ ಯಾರೂ ಬರೆದಿರಲಿಲ್ಲ! ಲೋಟಸ್‌ನವರು ಬಿಚ್ಚುವ ಕ್ರಮವನ್ನೇ ಅಚ್ಚು ಹಾಕಿಸಿ ಕೊಟ್ಟರು. ಕೊಂಡವನು ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಂಡರಾಯಿತು. ನಮ್ಮ ಕವಿಗಳ ವಿಲೋಮ ಕಾವ್ಯದ ಚಮತ್ಕಾರವನ್ನು ತೆರಿಗೆಯ ಅಧಿಕಾರಿಗಳ ಮೇಲೆ ಪ್ರಯೋಗಿಸಿದಂತಾಯಿತು. 1973ರಲ್ಲಿ ಆ ತೆರಿಗೆಯೇ ರದ್ದಾಗಿ ಬೇರೆ ಬಗೆಯ ತೆರಿಗೆ ಬಂದಿತು. ಸೆವೆನ್ ಗಾಡಿಯನ್ನು ಕಟ್ಟುವ ಹಕ್ಕು ಅದೇ ವರ್ಷ ಕೇಟರ್‌ಹ್ಯಾಮ್ ಎಂಬ ಸಂಸ್ಥೆಗೆ ಹೋಯಿತು.

ಆದರೆ ಉಪಾಧ್ಯಾಯನಾದ ನನಗೆ ಇದಕ್ಕಿಂತ ಪ್ರಿಯವಾದದ್ದು ಇನ್ನೊಬ್ಬ ಉಪಾಧ್ಯಾಯನ ಸಾಹಸ. ನಾರ್ಥಾಂಪ್ಟನ್‌ಷೈರಿನ ಔಂಡಲ್ ಶಾಲೆಯಲ್ಲಿದ್ದ ರಾನ್ ಚಾಂಪಿಯನ್ ಎಂಬಾತನು, ಸೆವೆನ್‌ನಂಥ ಗಾಡಿಯನ್ನು ತೀರ ಅಗ್ಗವಾಗಿ ಕಟ್ಟುವ ಬಗೆಯನ್ನು ರೂಪಿಸಿ, 1996ರಲ್ಲಿ ಅದನ್ನೊಂದು ಪುಸ್ತಕವಾಗಿ ಪ್ರಕಟಿಸಿದನು. ಕೇವಲ 250 ಪೌಂಡುಗಳಲ್ಲಿ ನಿಮ್ಮ ಸ್ಪೋರ್ಟ್ಸ್ ಕಾರನ್ನು ನೀವೇ ಕಟ್ಟಿಕೊಳ್ಳಬಹುದೆಂದು ಪುಸ್ತಕದ ಹೆಸರೇ ಸಾರುತ್ತಿತ್ತು. ಆ ಗಾಡಿಗೆ ‘ಲೋಕಾಸ್ಟ್’ ಎಂದು ಹೆಸರಾಯಿತು. ‘ಕಡಿಮೆ ಬೆಲೆ’ ಎಂಬ ಇಂಗ್ಲಿಷ್ ಮಾತೂ ‘ಲೋಟಸ್’ ಎಂಬ ಹೆಸರೂ ಒಂದರಲ್ಲೊಂದು ಹೊಸೆದುಕೊಂಡಿರುವ ಈ ಶ್ಲೇಷೆಯನ್ನು ತರಗತಿಯಲ್ಲಿ ಉದಾಹರಣೆಯಾಗಿ ಕೊಡಬಹುದು.

ಚಾಂಪಿಯನ್ನನು ಆರಿಸಿದ ದಾನಿ ಫೋರ್ಡ್ ಎಸ್ಕಾರ್ಟ್. 1968ರಿಂದ 1980ರವರೆಗೆ ಬಂದ ಎಸ್ಕಾರ್ಟುಗಳಲ್ಲಿ ಎಂಜಿನು ಮುಂದೆ ಉದ್ದುದ್ದವಾಗಿ ಕೂತು ಹಿಂದಿನ ಚಕ್ರಗಳನ್ನು ತಿರುಗಿಸುತ್ತಿತ್ತು. ಸೆವೆನ್ ಮಾದರಿಗೆ ಬೇಕಾದದ್ದೂ ಅದೇ. ಇಂಗ್ಲೆಂಡಿನ ಮಳೆಗೂ, ಚಳಿಗಾಲದಲ್ಲಿ ಮಂಜು ಕರಗಿಸಲು ರಸ್ತೆಗೆ ಎರಚುವ ಉಪ್ಪಿಗೂ ಕಾರಿನ ತಗಡಿನ ಮೈ ಬೇಗ ತುಕ್ಕು ಹಿಡಿಯುತ್ತದೆ. ಎಂಜಿನು, ಗೇರುಪೆಟ್ಟಿಗೆ, ಹಿಂದಿನ ಅಚ್ಚುಗಳು ಅಷ್ಟು ಬೇಗ ಕೆಡುವುದಿಲ್ಲ. ಮೈ ಸತ್ತು ಜೀವ ಉಳಿದ ಇಂಥ ಗಾಡಿಗಳು ಆಗ ಗುಜರಿಯ ಬೆಲೆಗೆ ಸಿಗುತ್ತಿದ್ದವು. ಈಗ ಸಿಗವು. ಹಳೆಯ ಎಸ್ಕಾರ್ಟುಗಳೇ ಸಂಗ್ರಹಕಾರರ ಪಾಲಿನ ಒಡವೆಗಳಾಗಿವೆ; ಆದ್ದರಿಂದ ಕಟ್ಟುವವರು ಫೋರ್ಡ್ ಸಿಯೆರಾ, ಮಾಜ್ದಾ ಎಂಎಕ್ಸ್-5 ಮುಂತಾದವುಗಳ ಕಡೆಗೆ ತಿರುಗಿದರು. ಪುಸ್ತಕದ ಹೆಸರಿನಲ್ಲಿದ್ದ 250 ಪೌಂಡು ಇಂದು ಒಂದು ಜೊತೆ ಒಳ್ಳೆಯ ಆಸನಗಳಿಗೂ ಸಾಲುವುದು ಕಷ್ಟ. ಚೆನ್ನಾಗಿ ಓಡುವ ಹಳೆಯ ಕಾರನ್ನು ಇದಕ್ಕಾಗಿ ಒಡೆಯುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲವೆಂದು ಇಲ್ಲಿಯೇ ಹೇಳಿಬಿಡುತ್ತೇನೆ.

ಇನ್ನು ಚೌಕಟ್ಟಿನ ಮಾತು. ಒಂದಂಗುಲ ಚದರದ ಉಕ್ಕಿನ ಕೊಳವೆಗಳನ್ನು ಅಳತೆಗೆ ಕೊಯ್ದು, ಸಮತಟ್ಟಾದ ಹಲಗೆಯ ಮೇಲೆ ನಕ್ಷೆ ಬರೆದು, ಅದರ ಮೇಲಿಟ್ಟು ಬೆಸೆಯುತ್ತಾರೆ. ಇಷ್ಟು ತೆಳುವಾದ ಕೊಳವೆ ಎಂಜಿನಿನ ಭಾರವನ್ನೂ ಇಬ್ಬರ ಪ್ರಾಣವನ್ನೂ ಹೊರುವುದು ಹೇಗೆ? ಮನೆಯ ಮಕ್ಕಳನ್ನು ಕರೆದು ಒಂದು ಪರೀಕ್ಷೆ ಮಾಡಿಸಿ. ನಾಲ್ಕು ಬಿದಿರು ಕಡ್ಡಿಗಳನ್ನು ತುದಿಗಳಲ್ಲಿ ದಾರದಿಂದ ಕಟ್ಟಿ ಚೌಕ ಮಾಡಿ, ಒಂದು ಮೂಲೆಯನ್ನು ಒತ್ತಿದರೆ ಅದು ಸೊಟ್ಟಗಾಗುತ್ತದೆ. ಮೂಲೆಯಿಂದ ಮೂಲೆಗೆ ಐದನೆಯ ಕಡ್ಡಿಯನ್ನು ಕಟ್ಟಿದರೆ ಎರಡು ತ್ರಿಕೋನಗಳಾಗಿ, ಎಷ್ಟು ಒತ್ತಿದರೂ ಅಲುಗುವುದಿಲ್ಲ. ಹೆಂಚಿನ ಮಾಡಿನ ಕೆಳಗೆ ಬಡಗಿ ಕೊಡುವ ಓರೆ ಆಧಾರದ ಗುಟ್ಟೂ ಇದೇ. ಸೆವೆನ್‌ನ ಚೌಕಟ್ಟು ಇಂಥ ತ್ರಿಕೋನಗಳ ಹೆಣಿಗೆ. ಒಂದು ಓರೆ ಕೊಳವೆ ದಾರಿಗೆ ಅಡ್ಡ ಬಂತೆಂದು ಅದನ್ನು ಕೊಯ್ದು ತೆಗೆಯುವವನು ಬರಿಯ ಕೊಳವೆಯನ್ನಲ್ಲ, ತ್ರಿಕೋನವನ್ನೇ ತೆಗೆದಂತಾಯಿತು.

ಬೆಸುಗೆಯಲ್ಲಿ ಎರಡು ಎಚ್ಚರಿಕೆಗಳು ಬೇಕು. ಒಂದೇ ಕಡೆ ಪೂರ್ತಿ ಬೆಸೆಯುತ್ತ ಹೋದರೆ ಕಾವಿಗೆ ಚೌಕಟ್ಟು ಬಾಗುತ್ತದೆ. ಆದ್ದರಿಂದ ಮೊದಲು ಎಲ್ಲ ಕೀಲುಗಳಿಗೂ ಚುಕ್ಕೆ ಬೆಸುಗೆ ಹಾಕಿ, ಅಳತೆ ಸರಿನೋಡಿ, ಆಮೇಲೆ ಆ ಕಡೆ ಈ ಕಡೆ ಬದಲಿಸುತ್ತ ಪೂರ್ಣಗೊಳಿಸಬೇಕು. ಎರಡನೆಯದು ಇನ್ನೂ ಮುಖ್ಯ. ಹೊರಗಿನಿಂದ ಮಣಿಸಾಲಿನಂತೆ ಅಂದವಾಗಿ ಕಾಣುವ ಬೆಸುಗೆ ಒಳಗೆ ಉಕ್ಕಿಗೆ ಅಂಟಿಯೇ ಇರದಿರಬಹುದು. ಕಲಿಯುವವರು ತುಂಡು ಕೊಳವೆಗಳನ್ನು ಬೆಸೆದು, ಮತ್ತೆ ಅಡ್ಡಲಾಗಿ ಕೊಯ್ದು, ಲೋಹ ಎಷ್ಟು ಆಳಕ್ಕೆ ಕರಗಿ ಸೇರಿದೆ ಎಂದು ನೋಡುತ್ತಾರೆ. ಸೊಂಟಪಟ್ಟಿಯನ್ನು ಬಿಗಿಯುವ ಜಾಗ, ಮುಂದಿನ ಚಕ್ರಗಳ ತೋಳುಗಳು ಕೂರುವ ಜಾಗ, ಇವನ್ನಾದರೂ ಪಳಗಿದ ಬೆಸುಗೆಗಾರನಿಗೆ ಬಿಡುವುದು ಲೇಸು.

ಎಸ್ಕಾರ್ಟಿನ ತೂಕ ಸುಮಾರು 900 ಕಿಲೋಗ್ರಾಂ. ಕಟ್ಟಿದ ಗಾಡಿ 550ರ ಆಸುಪಾಸು. ಎಂಜಿನು ಅದೇ, ಹೊರೆ ಕಡಿಮೆ. ಆದ್ದರಿಂದ ಸಾಧಾರಣ ಎಂಜಿನೂ ಗಾಡಿಯನ್ನು ಚಿಗರೆಯಂತೆ ನೆಗೆಸುತ್ತದೆ. ಅಪಾಯವಿರುವುದೂ ಇಲ್ಲಿಯೇ. ದಾನಿಯ ಬ್ರೇಕುಗಳನ್ನು ಹೊಂದಿಸಿದ್ದು ದಾನಿಯ ತೂಕಕ್ಕೆ. ಹಗುರವೂ ತಗ್ಗೂ ಆದ ಹೊಸ ಗಾಡಿಯಲ್ಲಿ ಮುಂದಿನ ಚಕ್ರಕ್ಕೆಷ್ಟು ಒತ್ತಡ, ಹಿಂದಿನದಕ್ಕೆಷ್ಟು ಎಂಬುದನ್ನು ಮತ್ತೆ ಲೆಕ್ಕ ಹಾಕಬೇಕು. ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರಗಳು ಮೊದಲು ಬಿಗಿದುಕೊಂಡರೆ ಗಾಡಿ ಗಿರ್ರನೆ ತಿರುಗಿಬಿಡುತ್ತದೆ. ಹಳೆಯ ಸ್ಪ್ರಿಂಗುಗಳೂ ಹೀಗೆಯೇ ಹೆಚ್ಚು ಬಿರುಸು. ಎಂಜಿನಿನಿಂದ ಹಿಂದಿನ ಅಚ್ಚಿಗೆ ಹೋಗುವ ತಿರುಗುದಂಡವನ್ನು ಗಿಡ್ಡ ಮಾಡಿಸಿ, ತೂಕ ಸಮಮಾಡಿಸಬೇಕು. ಇದು ಮನೆಯಲ್ಲಿ ಆಗುವ ಕೆಲಸವಲ್ಲ.

ಹಲವರ ಗಾಡಿ ನಿಂತುಹೋಗುವುದು ಬೆಸುಗೆಯಲ್ಲಲ್ಲ, ತಂತಿಗಳಲ್ಲಿ. ಬಿಚ್ಚುವ ಉತ್ಸಾಹದಲ್ಲಿ ಪ್ರತಿಯೊಂದು ತಂತಿಗೂ ಚೀಟಿ ಕಟ್ಟದೆ ಹೋದರೆ, ಆರು ತಿಂಗಳ ಮೇಲೆ ಯಾವುದು ದೀಪದ್ದು, ಯಾವುದು ಹಾರನ್ನಿನದು ಎಂದು ತಿಳಿಯುವ ಬಗೆ ಹೇಗೆ? ಅರ್ಧ ಕಟ್ಟಿದ ಗಾಡಿಗಳು ಕೈಯಿಂದ ಕೈಗೆ ಮಾರಾಟವಾಗುತ್ತಿರುವುದು ಅಲ್ಲಿ ಸಾಮಾನ್ಯ. ಆ ದುಡ್ಡಿನಲ್ಲಿ ಮನೆಯವರಿಗೆ ಏನೇನು ಬರಬಹುದಿತ್ತೆಂಬ ಲೆಕ್ಕವನ್ನು ಜಾಹೀರಾತಿನಲ್ಲಿ ಯಾರೂ ಬರೆಯುವುದಿಲ್ಲ.

ಕಟ್ಟಿ ಮುಗಿಸಿದೊಡನೆ ರಸ್ತೆಗೆ ಇಳಿಸುವಂತಿಲ್ಲ. ಸರಕಾರದ ಪರೀಕ್ಷಕನು ಬ್ರೇಕು, ದೀಪ, ಹೊಗೆ, ಸದ್ದು, ವೇಗಮಾಪಕ, ಎಲ್ಲವನ್ನೂ ಒಂದೊಂದಾಗಿ ನೋಡುತ್ತಾನೆ. 100 ಮಿಲಿಮೀಟರು ವ್ಯಾಸದ ಗೋಳವನ್ನು ಗಾಡಿಯ ಮೈಮೇಲೆ ಆಡಿಸಿ, ಅದು ತಾಕುವ ಅಂಚುಗಳು ಕನಿಷ್ಠ 2.5 ಮಿಲಿಮೀಟರು ತ್ರಿಜ್ಯದಷ್ಟಾದರೂ ದುಂಡಗಿವೆಯೇ ಎಂದು ಪರೀಕ್ಷಿಸುವುದುಂಟು. ದಾರಿಹೋಕನಿಗೆ ತಗುಲಿದರೆ ಗಾಯ ಹೆಚ್ಚಾಗದಿರಲೆಂದು. ಭಾಗಗಳ ವಯಸ್ಸು ಎಷ್ಟೆಂದು ಕಾಗದಪತ್ರಗಳಿಂದ ಸ್ಥಿರಪಡದಿದ್ದರೆ ‘ಕ್ಯೂ’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಸಿಗುತ್ತದೆ. ಗೋತ್ರ ತಿಳಿಯದವನಿಗೆ ಕಾಶ್ಯಪ ಗೋತ್ರ ಹೇಳಿಸುವ ನಮ್ಮ ಪುರೋಹಿತರು ಇದನ್ನು ಕೂಡಲೇ ಅರ್ಥಮಾಡಿಕೊಂಡಾರು.

ನಮ್ಮಲ್ಲಿ ಇದು ಸಾಧ್ಯವೆ ಎಂದು ತಾವು ಕೇಳಬಹುದು. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು, ತಯಾರಕರು ಕೊಟ್ಟ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದಕ್ಕೆ ತಡೆ ಹಾಕಿದೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಹೊಸ ಮಾದರಿಯನ್ನೇ ಕಟ್ಟಿದರೆ ಪುಣೆಯ ಎಆರ್‌ಎಐನಂಥ ಸಂಸ್ಥೆಗಳ ಪರೀಕ್ಷೆಗಳಿಗೆ ಒಪ್ಪಿಸಬೇಕು. ಅದು ಒಬ್ಬ ಗೃಹಸ್ಥನ ಕೈಗೆಟುಕುವ ಖರ್ಚಲ್ಲ. ಆದರೆ ಎಂಜಿನಿಯರಿಂಗ್ ಕಾಲೇಜುಗಳ ಹುಡುಗರೂ ಹುಡುಗಿಯರೂ ಫಾರ್ಮುಲಾ ಭಾರತ್, ಬಾಹಾ ಮೊದಲಾದ ಸ್ಪರ್ಧೆಗಳಿಗಾಗಿ ತಾವೇ ಕೊಳವೆ ಬೆಸೆದು ಗಾಡಿ ಕಟ್ಟಿ, ರಸ್ತೆಗೆ ತಾರದೆ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಂಥ ಮುಚ್ಚಿದ ಪಥಗಳಲ್ಲಿ ಓಡಿಸುತ್ತಿದ್ದಾರೆ. ಅವರ ಎಷ್ಟೋ ಗಾಡಿಗಳಲ್ಲಿ ಎಂಜಿನು ಮೋಟಾರ್ ಸೈಕಲ್ಲಿನದು.